ಮಿಸಾಯೋ ಆರಿಸಿದ ಎದುರಾಳಿ

ನಮ್ಮೂರು ಕೊಕುರಾದ ತಾಂಗಾ ಮಾರುಕಟ್ಟೆಯಲ್ಲಿ ತೌಡು ಹಾಕಿ ಬೇಯಿಸಿದ ಬಂಗುಡೆ ಮಾರುವ ಮಿಸಾಯೋಗೆ, ಹೊಡೆದಾಡುವವರನ್ನು ನೋಡಿ ಅಳೆಯುವ ಕಣ್ಣಿತ್ತು. ಶಾಲೆಯಲ್ಲಿದ್ದಾಗ ಜೂಡೋ ಆಡಿ, ಮೊಣಕಾಲು ಮುರಿದುಕೊಂಡು ಬಿಟ್ಟವಳು. ಅವಳ ಗಂಡ ಕುರೋಗಿ ಸೆಂಜಿ. ಗುದ್ದು, ಒದೆ, ಕುಸ್ತಿ ಮೂರೂ ಸಲ್ಲುವ ಪಂಜರದ ಕಾಳಗದಲ್ಲಿ ನಮ್ಮೂರಿನ ದೊಡ್ಡ ಹೆಸರು. ಇಪ್ಪತ್ತಮೂರು ಗೆಲುವು, ಒಂಬತ್ತು ಸೋಲು. ಗೆಲುವಿನಲ್ಲಿ ಅರ್ಧ ಹೆಂಡತಿಯದು ಎಂದು ಸೆಂಜಿಯೇ ಹೇಳುತ್ತಿದ್ದ. ಎದುರಾಳಿಯ ಹಳೆಯ ಕಾಳಗಗಳನ್ನು ಅವಳು ಫೋನಿನಲ್ಲಿ ನೋಡಿ, "ಇವ್ನು ಗುದ್ದೋಕೆ ಮುಂಚೆ ಭುಜ ಇಳಿಸ್ತಾನೆ ಕಣ್ರೀ, ಅದನ್ನೇ ಕಾಯಿರಿ" ಎಂದರೆ ಅವನು ಅದನ್ನೇ ಕಾಯುತ್ತಿದ್ದ.

ನಾನು ಅದೇ ಜಿಮ್‌ನಲ್ಲಿ ಹುಡುಗರ ಕೈಗೆ ಪಟ್ಟಿ ಸುತ್ತುವವನು. ಸೆಂಜಿಯ ಕೈಗೂ ನಾನೇ ಸುತ್ತಿದ್ದೇನೆ, ಮೊದಲ ಕಾಳಗದಿಂದ ಕೊನೆಯದರವರೆಗೆ.

ಆ ಕೊನೆಯದಕ್ಕೆ ಮುಂಚಿನ ಎರಡು ಕಾಳಗಗಳಲ್ಲಿ ಸೆಂಜಿ ಪ್ರಜ್ಞೆ ತಪ್ಪಿ ಬಿದ್ದು ಸೋತಿದ್ದ. ಆಮೇಲೆ ಮನೆಯಲ್ಲಿ ಸಣ್ಣಸಣ್ಣ ಸಂಗತಿಗಳು ಶುರುವಾದವು. ಊಟಕ್ಕೆ ಕೂತಾಗ ಹೇಳಿದ ನಗೆಮಾತನ್ನು ಆ ಊಟ ಮುಗಿಯುವುದರೊಳಗೆ ಮತ್ತೆ ಹೇಳಿ ತಾನೇ ನಗುತ್ತಿದ್ದ. ಅಂಗಿಗೆ ಗುಂಡಿ ಹಾಕಲು ಬೆರಳು ಬಗ್ಗದೆ ಒಂದು ಬೆಳಿಗ್ಗೆ ಗುಂಡಿಗಳನ್ನೆಲ್ಲ ಕಿತ್ತೆಸೆದ. ಮಿಸಾಯೋ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ತಲೆಯ ಸ್ಕ್ಯಾನ್ ಚಿತ್ರದಲ್ಲಿ ದೋಷವೇನೂ ಕಾಣಲಿಲ್ಲ.

ಅವಳು ಜಿಮ್‌ಗೆ ಬಂದು ಫುಕಾಮಿ ಮೇಷ್ಟ್ರ ಮುಂದೆ ಮಂಡಿಯೂರಿದಳು. ಸೆಂಜಿಯನ್ನು ಹದಿನೆಂಟರ ವಯಸ್ಸಿನಿಂದ ತಿದ್ದಿದವರು ಅವರು.

"ಮೇಷ್ಟ್ರೇ, ಇನ್ನು ಸಾಕು ಅಂತ ನೀವೊಂದು ಮಾತು ಹೇಳಿ. ನನ್ನ ಮಾತು ಕೇಳ್ತಿಲ್ಲ."

"ಏಳಮ್ಮ, ಏಳು. ಚಿತ್ರ ಸರಿಯಾಗಿದೆ ಅಂದ್ರಲ್ಲ ಡಾಕ್ಟ್ರು? ಎರಡು ಸೋತ ಮೇಲೆ ಬಿಡು ಅಂದ್ರೆ ಅವ್ನು ಬದುಕೋದೇ ಇಲ್ಲ. ಒಂದು ಗೆದ್ದು ಬಿಡಲಿ."

"ಗೆದ್ರೆ ಬಿಡ್ತಾರಾ ಮೇಷ್ಟ್ರೇ? ಗೆದ್ದೋರು ಯಾರಾದ್ರೂ ಬಿಟ್ಟಿದ್ದಾರಾ?"

ಮೇಷ್ಟ್ರು ಟವೆಲ್ ಹೆಗಲಿಗೆ ಹಾಕಿಕೊಂಡು ಹುಡುಗರ ಕಡೆ ಹೋದರು.

ಅದೇ ವಾರ ಕಾಳಗ ನಡೆಸುವವರು ಮೂರು ಹೆಸರು ಕಳಿಸಿದರು. ಹಿರಿಯ ಜಟ್ಟಿ ಎಂಬ ಮರ್ಯಾದೆಗೆ, ಯಾರಾದರೊಬ್ಬರನ್ನು ಸೆಂಜಿಯೇ ಆರಿಸಿಕೊಳ್ಳಲಿ ಎಂದಿದ್ದರು. ಮೊದಲನೆಯವನು ಇಶಿದೊ, ಒದೆತದಲ್ಲಿ ಪಳಗಿದವನು. ಗೆದ್ದದ್ದರಲ್ಲಿ ಹೆಚ್ಚಿನವು ಎದುರಾಳಿಯನ್ನು ನೆಲಕ್ಕೆ ಕೆಡವಿಯೇ. ಎರಡನೆಯವನು ತೊಕುನಾಗ, ಗೆದ್ದಷ್ಟೇ ಸೋತವನು. ಮೂರನೆಯವನು ಹಮಸಾಕಿ. ಹದಿನಾಲ್ಕು ಗೆಲುವಿನಲ್ಲಿ ಹನ್ನೊಂದು ಕತ್ತಿನ ಪಟ್ಟು ಹಾಕಿ ಗೆದ್ದವು. ಅವನ ಗುದ್ದಿಗೆ ಇದುವರೆಗೆ ಯಾರೂ ಬಿದ್ದಿರಲಿಲ್ಲ.

ಜಿಮ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಹೆಸರು.

"ತೊಕುನಾಗ ಬಿಡಿ, ಸೆಂಜಿ ಅಣ್ಣನಿಗೆ ಬೆಳಗಿನ ತಿಂಡಿ."

"ತಿಂಡಿ ಅಲ್ವೋ, ಉಪ್ಪಿನಕಾಯಿ!"

ಮಿಸಾಯೋ ಮೂವರ ಕಾಳಗಗಳನ್ನೂ ಅಂಗಡಿಯ ಹಿಂದೆ ಕೂತು ನೋಡಿದಳು, ತಿರುಗಿಸಿ ತಿರುಗಿಸಿ ನೋಡಿದಳು. ಈ ಸಲ ಅವಳು ಹುಡುಕುತ್ತಿದ್ದದ್ದು ಯಾರು ದುರ್ಬಲ ಎಂಬುದನ್ನಲ್ಲ. ಗಂಡನನ್ನು ಯಾರು ತಲೆಗೆ ಪೆಟ್ಟಿಲ್ಲದೆ ಸೋಲಿಸಬಲ್ಲರು ಎಂಬುದನ್ನು. ತೊಕುನಾಗನ ದಾಖಲೆ ಬಡವಾಗಿತ್ತು ನಿಜ, ಆದರೆ ಅವನು ಕಣ್ಣುಮುಚ್ಚಿ ಬೀಸುವ ಮೊಣಕೈ ಎಲ್ಲಿ ಬೀಳುತ್ತದೆಂದು ಅವನಿಗೇ ಗೊತ್ತಿರಲಿಲ್ಲ. ಹಮಸಾಕಿ ಹಾಗಲ್ಲ. ಎದುರಾಳಿಯ ಬೆನ್ನಿಗೆ ಅಂಟಿಕೊಂಡು, ಕತ್ತಿಗೆ ತೋಳು ಸುತ್ತಿ ಕಾಯುತ್ತಿದ್ದ. ಸೋತವರು ಎದ್ದು ಬಟ್ಟೆ ಕೊಡವಿಕೊಂಡು ನಡೆದುಹೋಗುತ್ತಿದ್ದರು.

ಅಂದು ಊಟಕ್ಕೆ ಕೂತಾಗ ಹೇಳಿದಳು, "ಹಮಸಾಕಿ ಸುಲಭ ಕಣ್ರೀ. ಎರಡನೇ ಸುತ್ತಿಗೆ ಉಸಿರು ಹೋಗುತ್ತೆ ಅವನಿಗೆ."

"ಹೌದಾ? ನಂಗೆ ಹಾಗೆ ಕಾಣಲಿಲ್ಲ."

"ನಾನು ನೋಡಿದೀನಲ್ಲ."

"ಹಾಗಾದ್ರೆ ಆಯ್ತು," ಎಂದ ಸೆಂಜಿ. ಅನ್ನದ ಬಟ್ಟಲು ಮುಂದೆ ಚಾಚಿದ. ಹಮಸಾಕಿಗೆ ಐದು ಸುತ್ತು ಆಡಿದರೂ ಉಸಿರು ಹೋಗುತ್ತಿರಲಿಲ್ಲ. ಮದುವೆಯಾದ ಮೇಲೆ ಈ ವಿಷಯದಲ್ಲಿ ಅವಳು ಗಂಡನಿಗೆ ಹೇಳಿದ ಮೊದಲ ಸುಳ್ಳು ಅದು. ಬಟ್ಟಲಿಗೆ ಎಂದಿಗಿಂತ ಒಂದು ಸೌಟು ಹೆಚ್ಚೇ ಅನ್ನ ಹಾಕಿದೆ ಎಂದು ಆಮೇಲೆ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದಳು.

ಅಷ್ಟಕ್ಕೇ ಅವಳಿಗೆ ಸಮಾಧಾನವಾಗಲಿಲ್ಲ. ಒಂದು ದಿನ ಅಂಗಡಿಗೆ ರಜೆ ಹಾಕಿ, ಜಲಸಂಧಿಯಾಚೆಯ ಶಿಮೊನೊಸೆಕಿಗೆ ರೈಲು ಹತ್ತಿದಳು. ಹಮಸಾಕಿ ತನ್ನ ಜಿಮ್‌ನ ನೆಲ ಒರೆಸುತ್ತಿದ್ದ. ಅವಳು ತಾನು ಯಾರೆಂದು ಹೇಳಿದ ಕೂಡಲೇ ಅವನ ಮುಖ ಬಿಗಿಯಿತು.

"ಅಕ್ಕ, ನೀವು ಇಲ್ಲಿಗೆ ಬರಬಾರದಿತ್ತು. ಸೋಲು ಅಂತ ಕೇಳೋಕೆ ಬಂದಿದ್ರೆ ಈಗಲೇ ಹೊರಡಿ."

"ಸೋಲು ಅಂತಲ್ಲಪ್ಪ, ಗೆಲ್ಲು ಅಂತ ಕೇಳೋಕೆ ಬಂದೆ. ಬೇಗ ಗೆಲ್ಲು. ಕತ್ತಿನ ಪಟ್ಟು ಹಾಕಿ ಗೆಲ್ಲು. ತಲೆಗೆ ಮಾತ್ರ ಹೊಡೀಬೇಡ."

ಹಮಸಾಕಿ ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದ.

"ಅವರು ನನ್ನ ಮುಖಕ್ಕೆ ಗುದ್ತಾ ಇದ್ರೆ ನಾನೇನು ಮಾಡ್ಲಿ? ಅವರು ಕುರೋಗಿ ಸೆಂಜಿ, ಅಕ್ಕ. ಅವರ ಕಾಳಗ ನೋಡಿ ನಾನು ಈ ದಾರಿಗೆ ಬಂದವನು. ಮಾತು ಕೊಡೋಕಾಗಲ್ಲ, ಕ್ಷಮಿಸಿ."

ಆದರೂ ನಿಲ್ದಾಣದವರೆಗೆ ಅವಳ ಜೊತೆ ನಡೆದು ಬಂದ.

ಕಾಳಗ ಭಾನುವಾರ ಮಧ್ಯಾಹ್ನ ನಡೆಯಿತು. ಸೆಂಜಿಯ ಮೂಲೆಯಲ್ಲಿ ಫುಕಾಮಿ ಮೇಷ್ಟ್ರು, ನಾನು, ನೀರಿನ ಬಾಟಲಿ ಹಿಡಿದ ಮಿಸಾಯೋ. ಮೊದಲ ಸುತ್ತಿನಲ್ಲಿ ಸೆಂಜಿ ಆಡಿದ ಆಟವನ್ನು ಏನೆಂದು ಹೇಳಲಿ! ಹಮಸಾಕಿ ಕಾಲಿಗೆ ನುಗ್ಗಿದಾಗಲೆಲ್ಲ ಸೊಂಟ ಹಿಂದೆಳೆದು ಜಾರಿಕೊಂಡ. ಎದ್ದವನ ಮುಖಕ್ಕೆ ಎಡಗೈ, ಹಿಂದೆಯೇ ಬಲಗೈ. ಮೂವತ್ತೆಂಟರ ಮೈ ಅದು ಎನ್ನುವಂತಿರಲಿಲ್ಲ. ಜನ ಎದ್ದುನಿಂತು ಹೆಸರು ಕೂಗಿದರು. ಮೇಷ್ಟ್ರು ಅತ್ತೇಬಿಟ್ಟರು. ಮಿಸಾಯೋ ಒಬ್ಬಳೇ ಬಾಟಲಿಯನ್ನು ಎದೆಗೊತ್ತಿಕೊಂಡು ಬಿಳಿಚಿಕೊಂಡು ನಿಂತಿದ್ದಳು. ಗಂಡ ಗೆಲ್ಲುತ್ತಿದ್ದ.

ಎರಡನೇ ಸುತ್ತಿನಲ್ಲಿ ಹಮಸಾಕಿಯ ಹುಬ್ಬು ಸೀಳಿತು. ರಕ್ತ ಕಣ್ಣಿಗಿಳಿದು, ದಿಕ್ಕು ಕಾಣದೆ ಅವನು ಎಂದೂ ಬೀಸದ ಮೊಣಕೈ ಬೀಸಿದ. ಅದು ಸೆಂಜಿಯ ಕಪಾಲಕ್ಕೆ ತಗುಲಿತು. ಸೆಂಜಿ ಬೀಳಲಿಲ್ಲ. ಆದರೆ ಕಾಲು ಅವನ ಮಾತು ಕೇಳದಾಯಿತು. ಅವನು ಗೆಳೆಯನೊಬ್ಬ ಸಿಕ್ಕಂತೆ ಹಮಸಾಕಿಯನ್ನು ತಬ್ಬಿಕೊಂಡ. ಹಮಸಾಕಿ ಅವನನ್ನು ಕೆಳಗೆಳೆದು, ಬೆನ್ನಿಗೆ ಹೋಗಿ ಕತ್ತಿಗೆ ತೋಳು ಸುತ್ತಿದ.

"ತಟ್ಟಿ! ನೆಲ ತಟ್ಟಿಬಿಡಿ ರೀ!" ಎಂದು ಮಿಸಾಯೋ ಕಿರುಚಿದಳು.

ಸೆಂಜಿ ಬದುಕಿನಲ್ಲಿ ಒಮ್ಮೆಯೂ ಕೈ ತಟ್ಟಿ ಸೋಲೊಪ್ಪಿದವನಲ್ಲ. ಮುಖ ನೀಲಿಗಟ್ಟುತ್ತಿತ್ತು.

"ಟವೆಲ್ ಎಸೀರಿ ಮೇಷ್ಟ್ರೇ!"

"ತಾಳಮ್ಮ, ಬಿಡಿಸಿಕೊಳ್ತಾನೆ. ಈಗ ಬಿಡಿಸಿಕೊಳ್ತಾನೆ..."

ಅವಳು ಮೇಷ್ಟ್ರ ಹೆಗಲಿನಿಂದ ಟವೆಲ್ ಕಿತ್ತು ಪಂಜರದೊಳಕ್ಕೆ ಎಸೆದಳು. ಮೂಲೆಯವರು ಟವೆಲ್ ಎಸೆದರೆ ಸೋಲೊಪ್ಪಿದಂತೆ; ಕಾಳಗ ನಿಂತಿತು. ಸಭಾಂಗಣವೆಲ್ಲ ಛೀ ಥೂ ಎಂದು ಬೈಯತೊಡಗಿತು.

ಒಳಕೋಣೆಯಲ್ಲಿ, ನಾನು ಕೈಪಟ್ಟಿ ಬಿಚ್ಚುತ್ತಿರುವಾಗ, ಸೆಂಜಿ ಕೇಳಿದ. "ಯಾರು ಎಸೆದದ್ದು?"

"ನಾನು," ಎಂದಳು ಮಿಸಾಯೋ.

"ಗೆಲ್ತಾ ಇದ್ದೆ ಕಣೇ ನಾನು."

"ಗೊತ್ತು."

"ಅವನಿಗೆ ಉಸಿರು ಹೋಗುತ್ತೆ ಅಂದಿದ್ದೆಯಲ್ಲ ನೀನು."

"ಸುಳ್ಳು ಹೇಳಿದ್ದೆ. ನೀವು ಸೋಲಲಿ ಅಂತಲೇ ಅವನನ್ನ ಆರಿಸಿದ್ದು."

ಸೆಂಜಿ ಕೂಗಾಡಿದ್ದರೆ ಚೆನ್ನಾಗಿತ್ತು. ಅರ್ಧ ಬಿಚ್ಚಿದ ಪಟ್ಟಿಯನ್ನು ಎಳೆದುಕೊಂಡೇ ಎದ್ದು ಹೋದ.

ಆ ದಿನದಿಂದ ಜಿಮ್‌ನಲ್ಲೇ ಮಲಗಿದ. ಇನ್ನೊಂದು ಕಾಳಗ ಬೇಕು, ತೊಕುನಾಗನೇ ಆಗಲಿ ಎಂದು ಮೇಷ್ಟ್ರನ್ನು ಪೀಡಿಸಿದ. ಮೊದಲ ಸುತ್ತನ್ನು ನೋಡಿದ್ದ ಮೇಷ್ಟ್ರು ಒಪ್ಪುವುದರಲ್ಲಿದ್ದರು. ಅಷ್ಟರಲ್ಲಿ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡಿದ್ದ ಹಮಸಾಕಿ ನಮ್ಮ ಜಿಮ್‌ಗೆ ಬಂದ.

"ಮೇಷ್ಟ್ರೇ, ಒಂದು ವಿಷಯ. ತಬ್ಬಿಕೊಂಡಾಗ ಅವರು ಕಿವಿಯಲ್ಲಿ ಮಾತಾಡಿದ್ರು. 'ಮೊರಿಶಿತಾ, ಈ ಸಲ ನಿನ್ನನ್ನ ಬಿಡಲ್ಲ' ಅಂದ್ರು. ಮೊದಲನೇ ಸುತ್ತಲ್ಲೂ ಮೊರಿಶಿತಾ ಅಂತಲೇ ಕರೀತಿದ್ರು. ಯಾರು ಅದು?"

ಮೊರಿಶಿತಾ, ಸೆಂಜಿಯ ಇಪ್ಪತ್ತೇಳನೇ ವಯಸ್ಸಿನ ಎದುರಾಳಿ. ಕಾಳಗ ಬಿಟ್ಟು ಎಷ್ಟೋ ವರ್ಷವಾಗಿತ್ತು. ನಾವು ಎದ್ದುನಿಂತು ಕೂಗಿದ ಆ ಅದ್ಭುತ ಆಟ ಹನ್ನೊಂದು ವರ್ಷ ಹಿಂದಿನ ಕಾಳಗದ್ದು. ಸೆಂಜಿ ಅಲ್ಲಿಗೇ ಹೋಗಿಬಿಟ್ಟಿದ್ದ.

ಮೇಷ್ಟ್ರು ಅಂದೇ ಕಾಳಗದವರ ಪಟ್ಟಿಯಿಂದ ಅವನ ಹೆಸರು ತೆಗೆಸಿದರು. ಬೇರೆ ಊರಿನ ಜಿಮ್‌ಗಳಿಗೂ ತಾವೇ ಫೋನ್ ಮಾಡಿ, ಅವನನ್ನು ಸೇರಿಸಬೇಡಿ ಎಂದು ಬೇಡಿಕೊಂಡರು. ಸೆಂಜಿ ಮನೆಗೆ ಮರಳಿದ. ಮಿಸಾಯೋ ಬಡಿಸಿದ್ದನ್ನು ತಿಂದ, ಹಾಸಿದ ಕಡೆ ಮಲಗಿದ. ಅವಳೊಂದಿಗೆ ಮಾತ್ರ ಒಂದು ಮಾತೂ ಆಡಲಿಲ್ಲ. ಚಳಿಗಾಲವೆಲ್ಲ ಹಾಗೇ ಕಳೆಯಿತು.

ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ನಾನು ಅವಳ ಅಂಗಡಿಯಲ್ಲಿ ಮೀನು ಕಟ್ಟಿಸಿಕೊಳ್ಳುತ್ತಿದ್ದಾಗ ಅವಳ ಫೋನು ಬಡಿದುಕೊಂಡಿತು. ಸೆಂಜಿಯ ಹೆಸರು ನೋಡಿ ಅವಳು ಅರ್ಧ ಕಟ್ಟಿದ ಪೊಟ್ಟಣ ಬಿಟ್ಟು ಫೋನು ಎತ್ತಿಕೊಂಡಳು.

"ಮಿಸಾಯೋ," ಎಂದಿತು ಆ ಕಡೆಯ ದನಿ, ನನಗೂ ಕೇಳುವಷ್ಟು ಜೋರಾಗಿ. "ನಾನು ಎಲ್ಲಿದ್ದೀನಿ ಗೊತ್ತಾಗ್ತಿಲ್ಲ ಕಣೇ."

"ಎದುರಿಗೆ ಏನು ಕಾಣುತ್ತೆ ರೀ?"

"ನೀರು. ಒಂದು ಸೇತುವೆ. ಬೇಗ ಬಾ."

"ಅಲ್ಲೇ ಇರಿ. ಕದಲಬೇಡಿ. ನನ್ನ ಜೊತೆ ಮಾತಾಡ್ತಾನೇ ಇರಿ."

ಕೈಯ ತೌಡನ್ನೂ ಒರೆಸಿಕೊಳ್ಳದೆ, ಮುರಿದ ಮೊಣಕಾಲನ್ನು ಎಳೆಯುತ್ತಾ ಅವಳು ಮಾರುಕಟ್ಟೆಯ ಪಕ್ಕದ ಹೊಳೆಯ ಕಡೆ ಓಡಿದಳು. ನಾನೂ ಹಿಂದೆ ಓಡಿದೆ. ಅವನು ಫೋನಿನಲ್ಲಿ ಮಾತಾಡುತ್ತಲೇ ಇದ್ದ. ಅವಳು ಓಡುತ್ತಲೇ ಹೂಂ, ಹೂಂ ಎನ್ನುತ್ತಿದ್ದಳು.