ಬಿಷಪ್ಪನ ಮೇಲೆ ಬಾಯಿ ಮುಚ್ಚಿ ಕೂತ ನೆಸ್ಟರ್

"ನಾನು ಕೂರಲಾರದ ಕುದುರೆ ಇನ್ನೂ ಹುಟ್ಟಿಲ್ಲ. ಹುಟ್ಟಿದ್ರೂ ಅವ್ರಮ್ಮ ನಾಚ್ಕೊಂಡು ಎಲ್ಲೋ ಬಚ್ಚಿಟ್ಟಿರ್ಬೇಕು."

ನೆಸ್ಟರ್ ಬಬಿಯಾಕ್ ಆಲ್ಬರ್ಟಾದ ತನ್ನೂರಿನ ಕಾಫಿ ಅಂಗಡಿಯಲ್ಲಿ ಈ ಮಾತು ಹೇಳಿದಾಗ ಅವನಿಗೆ ಐವತ್ಮೂರು ವರ್ಷ, ಎಡಗಾಲು ಮಂಡಿಯವರೆಗೆ ಮಾತ್ರ. ಮಿಕ್ಕಿದ್ದನ್ನು ನಾಲ್ಕು ವರ್ಷದ ಹಿಂದೆ ಒಣಹುಲ್ಲು ಸುತ್ತುವ ಯಂತ್ರವೊಂದು ಹುಲ್ಲಿನ ಜೊತೆಗೇ ಸುತ್ತಿಕೊಂಡಿತ್ತು.

ಜಂಬಕ್ಕೆ ಆಧಾರವಿಲ್ಲದೆ ಇರಲಿಲ್ಲ. ಇಪ್ಪತ್ತೆಂಟು ಬೇಸಿಗೆ ಅವನು ಬಂಡಿ ಓಟದಲ್ಲಿ ಹಿಂಬಾಲಿಸುವ ಸವಾರನಾಗಿದ್ದ. ನಾಲ್ಕು ಕುದುರೆ ಕಟ್ಟಿದ ಬಂಡಿಯ ಪಕ್ಕ ನೆಲದ ಮೇಲೆ ನಿಂತಿರಬೇಕು. ಹಾರ್ನ್ ಕೂಗಿದ್ದೇ ತಡ ತನ್ನ ಕುದುರೆಯ ಮೇಲೆ ಹಾರಿ, ಧೂಳು ತಿನ್ನುತ್ತಾ, ಗಂಟಲು ಹರಿಯುವಂತೆ ಕೂಗುತ್ತಾ ಬಂಡಿಯನ್ನು ಅಟ್ಟಿಸಿಕೊಂಡು ಹೋಗಬೇಕು. ನೆಸ್ಟರ್ ಕೂಗಿದರೆ ಪಕ್ಕದ ಸಸ್ಕಾಚೆವಾನ್ ಪ್ರಾಂತ್ಯದಲ್ಲಿ ಹಸುಗಳು ಹಾಲು ಬಿಗಿಹಿಡಿಯುತ್ತಿದ್ದವು. ಒಮ್ಮೆ ಅವನ ಕೂಗಿಗೆ ಆಲಿಕಲ್ಲು ಮಳೆ ಅರ್ಧಕ್ಕೇ ನಿಂತು ವಾಪಸ್ಸು ಹೋಯಿತೆಂದು ಹೇಳುತ್ತಾರೆ. ಹೇಳುವವನು ನೆಸ್ಟರನೇ.

ಅಂದು ಜಂಬ ಹೊರಬಿದ್ದದ್ದು ಅಂಗಡಿಯ ಟಿವಿ ನೋಡಿ. ಕೈಕಾಲು ಊನವಾದ ಸವಾರರು ಬಿಳಿ ಪ್ಯಾಂಟು ತೊಟ್ಟು, ಮರಳಿನ ಅಂಕಣದಲ್ಲಿ ಕುದುರೆಗಳನ್ನು ಗೆರೆ ಎಳೆದಂತೆ ನಡೆಸುತ್ತಿದ್ದರು, ತಿರುಗಿಸುತ್ತಿದ್ದರು, ನಿಲ್ಲಿಸುತ್ತಿದ್ದರು. ಡ್ರೆಸಾಜ್ ಎಂದು ಅದಕ್ಕೆ ಹೆಸರು.

"ಇದಕ್ಕೆ ಪದಕ ಬೇರೆ ಕೊಡ್ತಾರಾ?" ಎಂದ ನೆಸ್ಟರ್. "ನಮ್ಮನೆ ಹಸು ಹಾಲು ಕರೆಸ್ಕೊಳ್ಳೋಕೆ ಬರುವಾಗ ಇದಕ್ಕಿಂತ ಚೆನ್ನಾಗಿ ನಡೀತದೆ."

"ಹಾಗಾದ್ರೆ ಹೋಗಿ ತಗೊಂಡ್ಬಾರೋ," ಎಂದಳು ಅಕ್ಕ ಸ್ಟೆಲ್ಲಾ. ಕಾಲು ಹೋದಮೇಲೆ ಅವನು ಕುದುರೆಯ ಹತ್ತಿರ ಸುಳಿದಿರಲಿಲ್ಲ. ನಾಲ್ಕು ವರ್ಷ ಅವಳ ಅಡುಗೆಮನೆಯಲ್ಲಿ ಕೂತು ಅವಳು ಮಾಡುವ ಪ್ರತಿಯೊಂದು ಕೆಲಸಕ್ಕೂ ಸಲಹೆ ಕೊಟ್ಟಿದ್ದ. "ನೀನು ಹೋಗೋದಾದ್ರೆ ದಾರಿಖರ್ಚು ನಂದು. ವಾಪಸ್ ಬರೋದಾದ್ರೆ ನಿಂದು."

ಹೀಗೆ ನೆಸ್ಟರ್ ಮೂರು ಸಾವಿರ ಕಿಲೋಮೀಟರ್ ದೂರದ ಒಂಟಾರಿಯೋಗೆ ಬಂದಿಳಿದ. ಯೋಹಾನಾ ದ ಹಾನ್ ಎಂಬ ಡಚ್ ಮುದುಕಿಯ ಲಾಯದಲ್ಲಿ ಊನವಿರುವ ಸವಾರರಿಗೆ ಪಾಠ ನಡೆಯುತ್ತಿತ್ತು. ಮುದುಕಿ ಎಷ್ಟು ಗಿಡ್ಡವೆಂದರೆ ಕುದುರೆಯ ಹೊಟ್ಟೆಯ ಕೆಳಗೆ ಟೋಪಿ ತೆಗೆಯದೆ ಹಾದುಹೋಗುತ್ತಿದ್ದಳು. ಅವಳು ನೆಸ್ಟರನನ್ನು ಮಾರಾಟಕ್ಕೆ ಬಂದ ಆಲೂಗಡ್ಡೆ ಚೀಲದ ಹಾಗೆ ಸುತ್ತ ನೋಡಿ, ಬಿಷಪ್ ಎಂಬ ಹತ್ತೊಂಬತ್ತು ವರ್ಷದ ಕಪ್ಪು ಕುದುರೆಯ ಮೇಲೆ ಹತ್ತಿಸಿದಳು. ಬಿಷಪ್ಪನಿಗೆ ದೊಡ್ಡ ಹೊಟ್ಟೆ, ಗಂಭೀರ ಮುಖ; ಹೂಸು ಬಿಡುವಾಗಲೂ ಆಶೀರ್ವಾದ ಮಾಡಿದಂತೆ ನಿಧಾನವಾಗಿ ತಲೆ ತಗ್ಗಿಸುತ್ತಿತ್ತು.

"ನಡೆಸು," ಎಂದಳು ಯೋಹಾನಾ.

ನೆಸ್ಟರ್ ಬಲಗಾಲು ಒತ್ತಿದ. ಎಡಗಾಲಿನ ಬದಲಿಗೆ ಕೊಟ್ಟಿದ್ದ ಉದ್ದನೆಯ ಚಾಟಿಕೋಲನ್ನು ತಾಗಿಸಿದ. ಬಿಷಪ್ ಕದಲಲಿಲ್ಲ. ಮುಂದಕ್ಕೆ ವಾಲಿದ, ಹಿಂದಕ್ಕೆ ವಾಲಿದ, ಎಡಬಲ ಅಲ್ಲಾಡಿದ. ಬಿಷಪ್ ಕಣ್ಣು ಮುಚ್ಚಿತು. ನಲವತ್ತು ನಿಮಿಷವಾಯಿತು. ಗುಬ್ಬಿಯೊಂದು ಬಂದು ಕುದುರೆಯ ಬೆನ್ನಿನ ಮೇಲೆ ಕೂತು, ಇದೇನೋ ಸ್ಮಾರಕವಿರಬೇಕೆಂದು ಸುತ್ತ ನೋಡಿ, ಪಿಚಕ್ಕೆಂದು ತನ್ನ ಗೌರವ ಸಲ್ಲಿಸಿ ಹಾರಿಹೋಯಿತು.

"ನೀನು ಕೂರಲಾರದ ಕುದುರೆ ಹುಟ್ಟಿಲ್ವಂತೆ. ನಿಮ್ಮಕ್ಕ ಫೋನಿನಲ್ಲಿ ಹೇಳಿದ್ರು," ಎಂದಳು ಯೋಹಾನಾ. "ಒಪ್ದೆ. ಭಾಳ ಚೆನ್ನಾಗಿ ಕೂತಿದೀಯ. ನಮ್ಮನೆ ಸೋಫಾ ಮೇಲೆ ನಮ್ಮ ಬೆಕ್ಕೂ ಹೀಗೇ ಕೂರತ್ತೆ."

ಅಂಕಣದ ಬೇಲಿಯಾಚೆ ಯಾರೋ ಕೈಚೀಲ ಬಾಯಿಗಿಟ್ಟುಕೊಂಡು ನಕ್ಕರು. ಅವರು ಶ್ರೀಮತಿ ಪೆನ್‌ಹಾಲೋ. ಟೊರೊಂಟೋದ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಯೋಹಾನಾಳ ಇನ್ನೊಬ್ಬ ಶಿಷ್ಯೆ. ಪಾರ್ಶ್ವವಾಯು ಬಡಿದು ಬಲಗೈ ಶಕ್ತಿ ಕಳೆದುಕೊಂಡಿತ್ತು. ಅವರ ಬೂಟುಗಳಲ್ಲಿ ಮುಖ ನೋಡಿಕೊಂಡು ಗಡ್ಡ ಹೆರೆಯಬಹುದಿತ್ತು.

ನೆಸ್ಟರನ ಮುಖ ಕೆಂಪಗಾಯಿತು. ಬಾಯಿಂದ ಅಜ್ಜಿ ಕಲಿಸಿದ್ದ ಉಕ್ರೇನಿಯನ್ ಬೈಗುಳವೊಂದು ಆಕಾಶಕ್ಕೆ ಹೊರಟಿತು. ಬಿಷಪ್ ತಟ್ಟನೆ ಕಣ್ಣು ತೆರೆದು, ಕಿವಿ ನಿಮಿರಿಸಿ, ಹೊಸ ಹುಡುಗನ ಹಾಗೆ ನಡೆಯತೊಡಗಿತು.

"ನೋಡಿದ್ರಾ ಟೀಚರಮ್ಮ!"

"ನೋಡ್ದೆ, ಕೇಳ್ದೆ. ಪರೀಕ್ಷೆ ದಿನ ಹೀಗೆ ಬಾಯಿಬಿಟ್ರೆ ಒಂದೊಂದು ಸಲಕ್ಕೂ ಅಂಕ ಕಳೀತಾರೆ. ಈ ಆಟದಲ್ಲಿ ಬಾಯಿಗೆ ಕೆಲಸ ಇಲ್ಲ. ಹೇಳೋದನ್ನೆಲ್ಲ ಅಂಡು ಹೇಳ್ಬೇಕು."

ಐವತ್ಮೂರು ವರ್ಷದಲ್ಲಿ ನೆಸ್ಟರನ ಅಂಡಿನ ಮೇಲೆ ಇಷ್ಟು ದೊಡ್ಡ ಜವಾಬ್ದಾರಿಯನ್ನು ಯಾರೂ ಹೊರಿಸಿರಲಿಲ್ಲ.

ಮಾರನೆಯ ದಿನದಿಂದ ಯೋಹಾನಾ ಹೊಸ ಶಿಕ್ಷೆ ತಂದಳು. ಕುದುರೆ ಹತ್ತಿದ ಕೂಡಲೇ ನೆಸ್ಟರ್ ಬಾಯ್ತುಂಬ ನೀರು ತುಂಬಿಕೊಳ್ಳಬೇಕು, ಇಳಿದ ಮೇಲೆ ಅದೇ ನೀರನ್ನು ಬಕೆಟ್ಟಿಗೆ ಉಗಿದು ತೋರಿಸಬೇಕು. ಮೊದಲ ವಾರ ಅವನು ಕುಡಿದ ನೀರಿನಲ್ಲಿ ಒಂಟಾರಿಯೋದ ಒಂದು ಕೆರೆ ಬತ್ತಿತು. ಎರಡನೆಯ ವಾರ ಬೈಗುಳಗಳು ಒಳಗೇ ಉಳಿದು ಹೊಟ್ಟೆಯುಬ್ಬರವಾಯಿತು. ಮೂರನೆಯ ವಾರದಲ್ಲಿ ಒಂದು ಸಣ್ಣ ಸಂಗತಿ ನಡೆಯಿತು: ಎಡಕ್ಕೆ ತಿರುಗಬೇಕೆಂದು ಅವನು ಅಂದುಕೊಂಡ, ಅಷ್ಟೇ. ಸೊಂಟ ಎಲ್ಲಿ ಅಲುಗಿತೋ ಅವನಿಗೇ ತಿಳಿಯದು. ಬಿಷಪ್ ಎಡಕ್ಕೆ ತಿರುಗಿತು. ಇಲ್ಲದ ಕಾಲು ಕುದುರೆಯ ಪಕ್ಕೆಗೆ ಬೆಚ್ಚಗೆ ತಾಗಿದಂತಾಯಿತು. ನೆಸ್ಟರ್ ಗುಟುಕ್ಕೆಂದು ಅಷ್ಟೂ ನೀರು ನುಂಗಿಬಿಟ್ಟ.

ಆ ದಿನ ಅವನು ಅಕ್ಕನಿಗೆ ಫೋನ್ ಮಾಡಿದ.

"ಅಕ್ಕಾ, ಅಂಡು ಮಾತಾಡ್ತು ಕಣೇ."

"ಅದು ಚಿಕ್ಕಂದಿನಿಂದ್ಲೂ ಮಾತಾಡ್ತಿತ್ತು, ನಾವೇ ಕಿಟಕಿ ತೆಗೀತಿದ್ವಿ," ಎಂದಳು ಸ್ಟೆಲ್ಲಾ. ಆದರೆ ಬಹಳ ಹೊತ್ತು ಫೋನ್ ಇಡಲಿಲ್ಲ.

ಅಕ್ಟೋಬರಿನಲ್ಲಿ ಪರೀಕ್ಷೆ. ಯೋಹಾನಾ ನೆಸ್ಟರನನ್ನೂ ಶ್ರೀಮತಿ ಪೆನ್‌ಹಾಲೋ ಅವರನ್ನೂ ಲಾಯದ ಬಾಗಿಲಲ್ಲಿ ನಿಲ್ಲಿಸಿ ಹೇಳಿದಳು: "ಚಳಿಗಾಲ ಪೂರ್ತಿ ಬಿಷಪ್ಪನ್ನ ಒಬ್ರಿಗೇ ಕೊಡೋದು. ಬಬಿಯಾಕ್, ನೀನು ನೂರಕ್ಕೆ ಅರವತ್ತು ತಗೊಂಡ್ರೆ ನಿಂಗೆ. ಇಲ್ಲಾಂದ್ರೆ ಪೆನ್‌ಹಾಲೋ ಅವರಿಗೆ, ನೀನು ಊರಿಗೆ. ಬೇರೆ ಕುದುರೆ ನನ್ಹತ್ರ ಇಲ್ಲ."

ನೆಸ್ಟರ್ ಒಳಗೆ ನಿಂತಿದ್ದ ಬಿಷಪ್ಪನ ಕಡೆ ನೋಡಿದ. ಊರು ಅಂದರೆ ಅಕ್ಕನ ಅಡುಗೆಮನೆಯ ಆ ಕುರ್ಚಿ. ಅದರ ಮೇಲೆ ಎಷ್ಟು ಕೂತರೂ ಅದು ಎಡಕ್ಕೆ ತಿರುಗುವುದಿಲ್ಲ.

ಪರೀಕ್ಷೆಯ ದಿನ ಮಳೆಯೂ ಗಾಳಿಯೂ ಒಟ್ಟಿಗೆ ಬಂದವು. ಗಾಳಿ ಎಂಥದೆಂದರೆ ಅಂಕಣದ ಸುತ್ತ ಇಟ್ಟಿದ್ದ ಹೂಕುಂಡಗಳು ಒಂದನ್ನೊಂದು ತಬ್ಬಿಕೊಂಡಿದ್ದವು. ಸ್ಟೆಲ್ಲಾ ಮೂರು ದಿನ ಕಾರು ಓಡಿಸಿಕೊಂಡು ಬಂದಿದ್ದಳು. ಡಿಕ್ಕಿಯಲ್ಲಿ ನಾನ್ನೂರು ಪೆರೋಗಿ ಕಡುಬು, ಎರಡು ಡಬ್ಬ ಹುಳಿಕೆನೆ. ತಮ್ಮನ ಬಿಳಿ ಪ್ಯಾಂಟು ನೋಡಿ, "ಲೋ, ನಮ್ಮಜ್ಜ ಚಳಿಗಾಲದಲ್ಲಿ ಒಳಗೆ ಹಾಕ್ತಿದ್ದಿದ್ದನ್ನ ನೀನು ಹೊರಗೆ ಹಾಕ್ಕೊಂಡಿದೀಯಲ್ಲೋ," ಎಂದಳು.

"ಸುಮ್ನಿರೇ. ಇದು ಗೌರವ."

"ಗೌರವ ತೊಡೆ ಹತ್ರ ಹರೀತಾ ಇದೆ, ನೋಡ್ಕೋ."

ನೆಸ್ಟರ್ ಕುದುರೆ ಹತ್ತಿದ. ಬಾಯಿಯ ಮೇಲೆ ಇನ್ನೂ ನಂಬಿಕೆಯಿರಲಿಲ್ಲವಾದ್ದರಿಂದ ಯಾರೂ ನೋಡದಾಗ ಬಾಟಲಿಯಿಂದ ಕೆನ್ನೆ ತುಂಬ ನೀರು ತುಂಬಿಕೊಂಡ. ನೀರು ಕೂಡದೆಂದು ಯಾವ ನಿಯಮದಲ್ಲೂ ಇರಲಿಲ್ಲ. ಅಂಕಣದ ಹೊರಗೆ ಬಿಷಪ್ಪನನ್ನು ಮೆಲ್ಲಗೆ ನಡೆಸುತ್ತಾ ತೀರ್ಪುಗಾರರ ಗಂಟೆಗೆ ಕಾದ. ಯೋಹಾನಾ ನೂರು ಸಲ ಹೇಳಿದ್ದಳು: ಗಂಟೆ ಆದಮೇಲೆ ನಲವತ್ತೈದು ಸೆಕೆಂಡು ಸಮಯ ಇರುತ್ತದೆ, ಅವಸರ ಬೇಡ, ಉಸಿರೆಳೆದುಕೋ, ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಒಳಗೆ ಹೋಗು. ಲಾಯದಲ್ಲಿ ಅವಳು ಕೈಗಂಟೆಯೊಂದನ್ನು ಟಿಣ್ ಎನ್ನಿಸಿಯೇ ಅಭ್ಯಾಸ ಮಾಡಿಸಿದ್ದಳು.

ಆದರೆ ಅಂದಿನ ಮಳೆಗೆ ತೀರ್ಪುಗಾರ್ತಿ ಅಂಕಣದ ತುದಿಯಲ್ಲಿ ತಮ್ಮ ಕಾರಿನೊಳಗೇ ಕೂತಿದ್ದರು. ಇಂಥ ಹವೆಯಲ್ಲಿ ಆ ಕಡೆಯವರು ಮಾಡುವುದನ್ನೇ ಅವರೂ ಮಾಡಿದರು. ಗಂಟೆಯ ಬದಲು ಹಾರ್ನ್ ಒತ್ತಿದರು.

ಇಪ್ಪತ್ತೆಂಟು ಬೇಸಿಗೆ ನೆಸ್ಟರನ ಮೈಯಲ್ಲಿ ಒಟ್ಟಿಗೆ ಎದ್ದು ನಿಂತವು. ಬಲಗಾಲು ಪಕ್ಕೆಗೆ ಬಿಗಿಯಿತು, ಮೈ ಮುಂದಕ್ಕೆ ಎರಗಿತು, ಬಾಯಿ ತೆರೆದು "ಹಿಯ್ಯಾ!" ಎಂಬ ಕೂಗು ಹೊರಟಿತು, ಅದಕ್ಕೂ ಮೊದಲು ನೀರು ಹೊರಟಿತು. ಪ್ರವೇಶದ ಬಳಿ ನೋಡುತ್ತಾ ನಿಂತಿದ್ದ ಶ್ರೀಮತಿ ಪೆನ್‌ಹಾಲೋ ಅವರ ಬಿಳಿ ಕೈಗವಸು, ಹೊಳೆಯುವ ಬೂಟು, ಮುತ್ತಿನ ಓಲೆ ಎಲ್ಲಕ್ಕೂ ಅಭಿಷೇಕವಾಯಿತು. ಹನ್ನೊಂದು ವರ್ಷದಿಂದ ಓಡಿಯೇ ಇರದ ಬಿಷಪ್, ನಿವೃತ್ತಿಯನ್ನು ಅಲ್ಲೇ ರದ್ದುಮಾಡಿ, ಹೊಟ್ಟೆಯನ್ನು ಆಚೀಚೆ ತೂರುತ್ತಾ, ಕೆಸರು ಮಿಶ್ರಿತ ಮರಳನ್ನು ಪಕ್ಕದ ಜಿಲ್ಲೆಗೆ ಎರಚುತ್ತಾ ಅಂಕಣದೊಳಗೆ ನುಗ್ಗಿತು.

"ಓಡ್ಸು! ಬಿಡ್ಬೇಡ!" ಎಂದು ಸ್ಟೆಲ್ಲಾ ಅಭ್ಯಾಸಬಲದಿಂದ ಎದ್ದು ಕೂಗಿದಳು. ಆಮೇಲೆ ಬಾಯಿ ಮುಚ್ಚಿಕೊಂಡಳು.

ಅಂಕಣದ ನಡುವೆ ಬರುವಷ್ಟರಲ್ಲಿ ನೆಸ್ಟರನಿಗೆ ಎಚ್ಚರವಾಯಿತು. ಎದುರಿಗೆ ಬಂಡಿಯಿಲ್ಲ. ಒಂದು ಕಾರು, ಅದರ ಗಾಜಿನ ಹಿಂದೆ ಕನ್ನಡಕ ಹಾಕಿದ ಎರಡು ದೊಡ್ಡ ಕಣ್ಣು. ಬಾಯಿ ಖಾಲಿ, ಈಗ ಅದನ್ನು ಕಾಯಲು ನೀರೂ ಇಲ್ಲ. ಕೂಗಿ ನಿಲ್ಲಿಸಬಹುದಿತ್ತು. ಅವನು ಹಲ್ಲು ಕಚ್ಚಿದ, ಬೆನ್ನು ನೆಟ್ಟಗೆ ಮಾಡಿದ, ಭಾರವನ್ನೆಲ್ಲ ಕೆಳಗಿಳಿಸಿ ಸುಮ್ಮನೆ ಕೂತ. ಬಿಷಪ್ ನಾಲ್ಕೂ ಕಾಲನ್ನು ಮೇಜಿನ ಕಾಲುಗಳಂತೆ ಚೌಕವಾಗಿ ಊರಿ ನಿಂತಿತು. ನೆಸ್ಟರ್ ತಲೆಬಾಗಿ ವಂದಿಸಿದ.

ಅಲ್ಲಿಂದ ಮುಂದೆ ಐದೂವರೆ ನಿಮಿಷ ಗಾಳಿಯದೊಂದೇ ಸದ್ದು. ವೃತ್ತಕ್ಕೆ ವೃತ್ತ, ಗೆರೆಗೆ ಗೆರೆ. ನೆಸ್ಟರ್ ಹುಟ್ಟಿದಂದಿನಿಂದ ಎಚ್ಚರವಾಗಿದ್ದು ಅಷ್ಟು ಹೊತ್ತು ಮಾತಾಡದೆ ಇದ್ದದ್ದು ಅದೇ ಮೊದಲೆಂದು ಸ್ಟೆಲ್ಲಾ ಈಗಲೂ ಆಣೆ ಇಡುತ್ತಾಳೆ. ಕೊನೆಯ ವಂದನೆಯ ಹೊತ್ತಿಗೆ ಅವಳು ಅಳುತ್ತಿದ್ದಳು. ಕೇಳಿದರೆ ಪೆರೋಗಿಯ ಈರುಳ್ಳಿ ಎಂದಳು.

ಫಲಿತಾಂಶದ ಹಾಳೆ ಬಂತು. ಪ್ರವೇಶಕ್ಕೆ ಹತ್ತಕ್ಕೆ ಎರಡು. ಪಕ್ಕದಲ್ಲಿ 'ತುಸು ಅವಸರ' ಎಂದು ಬರೆದಿತ್ತು. ಕೂಗಿದ್ದಕ್ಕೆ ಅಂಕ ಕಳೆದಿದ್ದರು. ಮಿಕ್ಕಿದ್ದಕ್ಕೆಲ್ಲ ಆರು, ಆರೂವರೆ, ಏಳು. ಒಟ್ಟು ಐವತ್ತೊಂಬತ್ತು ಪಾಯಿಂಟ್ ಎಂಟು.

ಯೋಹಾನಾ ಹಾಳೆ ಮಡಚಿದಳು. "ಅರವತ್ತು ಅಂದಿದ್ದೆ."

"ಕಣ್ಣಿಗೆ ಕಾಣದಷ್ಟು ಕಮ್ಮಿಗೆ ಹೀಗೆ ಮಾಡ್ತೀರಾ?" ಎಂದು ಸ್ಟೆಲ್ಲಾ ಮೇಲೆಬಿದ್ದಳು.

"ಅರವತ್ತು ಅಂದ್ರೆ ಅರವತ್ತು. ಬಿಷಪ್ ಪೆನ್‌ಹಾಲೋ ಅವರಿಗೆ."

ನೆಸ್ಟರ್ ಬಿಷಪ್ಪನ ಕುತ್ತಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದ. "ಸರಿಯಾಗೇ ಇದೆ ಬಿಡಕ್ಕಾ," ಎಂದ. "ಮಾತು ಅಂದ್ರೆ ಮಾತು." ಲಗಾಮನ್ನು ಶ್ರೀಮತಿ ಪೆನ್‌ಹಾಲೋ ಅವರ ಕಡೆ ನೀಡಿದ.

ಶ್ರೀಮತಿ ಪೆನ್‌ಹಾಲೋ ಒದ್ದೆ ಮುಖ ಒರೆಸಿಕೊಳ್ಳುತ್ತಾ ಎರಡು ಹೆಜ್ಜೆ ಹಿಂದೆ ಸರಿದರು. "ಅದ್ರ ಮೇಲಾ? ನಾನಾ? ಆ ಹುಚ್ಚು ಪ್ರಾಣಿ ಓಡಿದ್ದು ನೀವ್ಯಾರೂ ನೋಡ್ಲಿಲ್ವಾ? ನಂಗೆ ಒಂದು ಕೈ ಹೋಗಿರೋದು ಸಾಕು, ಯೋಹಾನಾ! ನಾನು ಚಳಿಗಾಲಕ್ಕೆ ಫ್ಲೋರಿಡಾಗೆ ಹೋಗ್ತೀನಿ!" ಬೂಟು ಪಚಪಚ ಎನ್ನಿಸುತ್ತಾ ಕಾರಿನ ಕಡೆ ನಡೆದೇಬಿಟ್ಟರು.

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಹುಚ್ಚು ಪ್ರಾಣಿ ಅನ್ನಿಸಿಕೊಂಡ ಬಿಷಪ್ ಎದೆಯುಬ್ಬಿಸಿ ನಿಂತಿತು.

ಯೋಹಾನಾ ಲಗಾಮನ್ನೂ, ನೆಸ್ಟರನನ್ನೂ, ದೂರವಾಗುತ್ತಿದ್ದ ಕಾರನ್ನೂ ನೋಡಿದಳು. ಸವಾರನಿಲ್ಲದ ಮುದಿ ಕುದುರೆ ಒಂದೇ ಚಳಿಗಾಲದಲ್ಲಿ ಬಿದ್ದುಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

"ಕೆಡಿಸಿದೋನು ನೀನು," ಎಂದಳು ಕೊನೆಗೆ. "ನೀನೇ ಇಟ್ಕೊಂಡು ಸರಿಮಾಡು. ಆದ್ರೆ ಹೇಳು ಬಬಿಯಾಕ್, ಮುಂದಿನ ಸಲ ಯಾರಾದ್ರೂ ಹಾರ್ನ್ ಹೊಡೆದ್ರೆ ಮತ್ತೆ ಹೀಗೇ ಓಡ್ತೀಯಾ? ಈ ವಯಸ್ಸಲ್ಲಿ ನಿಂಗೆ ಯಾರಪ್ಪ ಬುದ್ಧಿ ಕಲಿಸೋದು?"

"ಅರ್ಧ ಕೆಲಸ ಆಗ್ಲೇ ಆಗಿದೆ, ಟೀಚರಮ್ಮ," ಎಂದ ನೆಸ್ಟರ್. "ಒಂದು ಕಾಲಿಗೆ ಹುಲ್ಲಿನ ಯಂತ್ರ ಬುದ್ಧಿ ಕಲಿಸ್ತು. ಇನ್ನೊಂದು ಕಾಲಿಗೆ ನೀವು ಕಲಿಸಿ."