ಪಕ್ಕದ ಸೀಟಿನವರ ಕಾರು

ನಮ್ಮನೆಯವರ ಬಲಗಾಲಿನ ಚಪ್ಪಲಿ ಯಾವಾಗಲೂ ಎಡಗಾಲಿನದಕ್ಕಿಂತ ಮೊದಲು ಸವೆಯುತ್ತದೆ. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು ಅವರು. ಕಲಿಯುವವರು ಸ್ಟೇರಿಂಗ್ ಹಿಡಿದು ಕಣ್ಣುಕಣ್ಣು ಬಿಡುತ್ತಿದ್ದರೆ, ಇವರು ಪಕ್ಕದ ಸೀಟಿನಲ್ಲಿ ಕೂತು ತಮ್ಮ ಕಾಲಬುಡದಲ್ಲಿರುವ ಇನ್ನೊಂದು ಬ್ರೇಕು ಒತ್ತಿ ಕಲಿಯುವವರ ಜೀವ, ತಮ್ಮ ಜೀವ, ರಸ್ತೆ ದಾಟುವ ನಾಯಿಯ ಜೀವ ಎಲ್ಲವನ್ನೂ ಕಾಯುತ್ತಾರೆ. ಅರ್ಧ ಊರಿಗೆ ಕಾರು ಓಡಿಸಲು ಕಲಿಸಿದ್ದಾರೆ. ಬೀದಿಯಲ್ಲಿ ಅವರನ್ನು ‘ಪಕ್ಕದ ಸೀಟಿನವರು’ ಅಂತಲೇ ಕರೆಯುವುದು. ಸ್ವಂತದ್ದು ಅಂತ ಒಂದು ಕಾರು ಮಾತ್ರ ಇಲ್ಲ.

ಇದನ್ನು ನಾನು ಹೇಗೋ ನುಂಗಿಕೊಂಡಿದ್ದೆ, ನನ್ನ ತಂಗಿಯ ಗಂಡ ಕಾರು ತರುವವರೆಗೆ. ಅವನದು ಟೈಲ್ಸ್ ಅಂಗಡಿ. ಇವರ ಹತ್ತಿರವೇ ಡ್ರೈವಿಂಗ್ ಕಲಿತವನು, ಕಲಿಯುವಾಗ ತಿರುವಿನಲ್ಲಿದ್ದ ಹಾಲಿನ ಅಂಗಡಿಯ ಮೆಟ್ಟಿಲಿಗೆ ಗುದ್ದಿದವನು. ಪಕ್ಕದ ರಾಜ್ಯದಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ಯಾರೋ ಓಡಿಸಿದ್ದ ನೀಲಿ ಕಾರೊಂದನ್ನು ಕೊಂಡು ನೇರ ನಮ್ಮ ಬಾಗಿಲಿಗೇ ತಂದು ನಿಲ್ಲಿಸಿದ. ತಂಗಿ ಇಳಿದು ಎರಡೇ ಬೆರಳಿನಲ್ಲಿ ಕಾರಿನ ಬಾಗಿಲು ಮುಚ್ಚಿದಳು. ಆ ಎರಡು ಬೆರಳು ನೋಡಿಯೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಇವರು ಕೆಲಸ ಮಾಡುವ ಸ್ಕೂಲಿನ ಕಾರಿನ ಬಾಗಿಲು ಮುಚ್ಚಬೇಕಾದರೆ ಸೊಂಟ ಕೊಟ್ಟು ನೂಕಬೇಕು.

“ಭಾವ, ಹೊರಗಿನ ನಂಬರ್ ಕಂಡ್ರೆ ಸಾಕು, ಪ್ರತಿ ಸರ್ಕಲ್ಲಲ್ಲೂ ಪೊಲೀಸರು ಕೈ ಅಡ್ಡ ಹಾಕ್ತಾರೆ” ಅಂದ. “ನಮ್ಮ ರಾಜ್ಯದ ನಂಬರ್ ಬರೋವರೆಗೂ ಕಾರು ನಿಮ್ಮಲ್ಲೇ ಇರ್ಲಿ. ಸಾರಿಗೆ ಆಫೀಸಲ್ಲಿ ನಿಮಗೆ ಗೊತ್ತಿಲ್ದೇ ಇರೋರು ಯಾರಿದ್ದಾರೆ?”

ಕಾರು ಇವನಿಗೆ, ಓಡಾಟ ನಮಗೆ ಅಂತ ನಾನು ಅಡುಗೆಮನೆಯಲ್ಲಿ ಪಾತ್ರೆ ಕುಕ್ಕಿದೆ. ಇವರು ಮಾತ್ರ ಕೀ ಇಸಿದುಕೊಂಡು ಜೇಬಿಗೆ ಹಾಕಿ ಮೇಲಿಂದ ಒಮ್ಮೆ ತಟ್ಟಿ ನೋಡಿಕೊಂಡರು.

ಕಾರು ನಮ್ಮ ಕಿಟಕಿಯ ಕೆಳಗೆ ನಿಂತಿತು. ಮಾರನೇ ದಿನವೇ ಎದುರುಮನೆಯ ಟೈಲರಮ್ಮ ಬಂದು “ಅಂತೂ ತಗೊಂಡ್ರಲ್ಲ ಅಕ್ಕ!” ಅಂದಳು. ನಾನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಗಾಜು ಒರೆಸುವುದಕ್ಕೆ ನನ್ನ ಹಳೇ ಸೀರೆ ಹರಿದುಕೊಟ್ಟೆ, ಅಷ್ಟೇ. ತಂಗಿಗೇನು ಕಡಿಮೆ? ಚಿಕ್ಕಂದಿನಲ್ಲೂ ಹೊಸ ಬಟ್ಟೆ ಅವಳಿಗೆ ಮೊದಲು, ಕಿಟಕಿ ಪಕ್ಕದ ಜಾಗವೂ ಅವಳಿಗೇ. ನಾಲ್ಕು ದಿನ ನಮ್ಮ ಕಿಟಕಿಯ ಕೆಳಗೆ ಕಾರು ನಿಂತರೆ ಅವಳ ಗಂಟೇನು ಹೋಗುತ್ತದೆ?

ಮೊದಲು ಹಳೇ ರಾಜ್ಯದ ಆಫೀಸಿನಿಂದ ಆಕ್ಷೇಪಣೆ ಇಲ್ಲ ಅಂತ ಪತ್ರ ಬರಬೇಕಿತ್ತು. ಬಂತು. ಇಲ್ಲಿನ ತೆರಿಗೆಯನ್ನು ಅವನು ಕಟ್ಟಿದ. ಉಳಿದದ್ದು ಚಾಸಿ ನಂಬರಿನ ಅಚ್ಚು ಮತ್ತು ಇನ್‌ಸ್ಪೆಕ್ಟರ್ ಎದುರು ಕಾರು ತೋರಿಸುವುದು. ಬಾನೆಟ್ ಎತ್ತಿ, ಕಬ್ಬಿಣದಲ್ಲಿ ಕೊರೆದ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರೆ ನಂಬರು ಬೆಳ್ಳಗೆ ಮೂಡುತ್ತದೆ. ಅದರಲ್ಲಿ ಇವರದು ಎತ್ತಿದ ಕೈ, ಬೇರೆಯವರ ಕಾರಿಗಾದರೆ ಒಂದೇ ಸಲಕ್ಕೆ ತೆಗೆದುಕೊಡುತ್ತಾರೆ. ಈ ಕಾರಿಗೆ ಮಾತ್ರ ರಜೆ ಬಂದಾಗಲೆಲ್ಲ ಉಜ್ಜಿದ್ದೇ ಉಜ್ಜಿದ್ದು. “ಒಂದು ಅಂಕಿ ಮಸುಕಾಗಿದೆ ಕಣೇ” ಅನ್ನುವುದು, ಕಾಗದ ಮುದುರಿ ಎಸೆಯುವುದು.

“ಅವಸರ ಏನಿದೆ, ನಿಧಾನಕ್ಕೆ ಮಾಡಿ” ಅಂತ ನಾನೂ ತಾಳ ಹಾಕಿದೆ. ನನ್ನ ಖುಷಿಗೆ ದಿನ ಎಳೆಯುತ್ತಿದ್ದಾರೆ ಅಂದುಕೊಂಡಿದ್ದೆ. ಕೊನೆಗೆ ಒಂದು ಸಂಜೆ ಚಹಾ ಕುಡಿಯುತ್ತ ಲೋಟದೊಳಗೇ ಮುಖ ಇಟ್ಟುಕೊಂಡು ಬಾಯಿಬಿಟ್ಟರು.

“ಆಫೀಸಿನ ಗೇಟ್ ಹತ್ರ ಎಲ್ರೂ ಕೇಳಿದ್ರು, ಯಾರದು ಮೇಷ್ಟ್ರೇ ಅಂತ. ನಮ್ದೇ ಅಂದ್ಬಿಟ್ಟೆ.”

“ಅಂದ್ರೆ ಏನಾಯ್ತೀಗ?”

“ಇನ್‌ಸ್ಪೆಕ್ಟರಿಗೂ ಹಾಗೇ ಹೇಳಿದೀನಿ. ನನ್ನ ಹತ್ರ ಕಲಿತ ಹುಡುಗ ಅವನು. ತೋರಿಸೋ ದಿನ ಕಾರಿನವರೂ ಬರಬೇಕಲ್ಲ. ಅವನೆದುರು ನಿನ್ನ ತಂಗಿ ಗಂಡ ಬಂದು ನಿಂತರೆ ನನ್ನ ಗತಿ?”

ನನಗೆ ನಗು ಬರಬೇಕಿತ್ತು, ಬರಲಿಲ್ಲ. ವರ್ಷಗಟ್ಟಲೆ ಆ ಗೇಟಿನೊಳಕ್ಕೆ ಕಂಡವರ ಕಾರು ಓಡಿಸಿಕೊಂಡು ಹೋದವರು ಇವರು. ‘ನಿಮ್ಮದು ಯಾವಾಗ ಮೇಷ್ಟ್ರೇ’ ಅಂತ ಹಲ್ಲು ಕಿರಿದವರಿಗೆಲ್ಲ ಹಲ್ಲು ಕಿರಿದೇ ಉತ್ತರ ಕೊಟ್ಟವರು. ಅಲ್ಲಿ ಇವರ ಮುಖ ಇಂಗು ತಿಂದ ಮಂಗನಂತಾಗುವುದನ್ನು ನನ್ನಿಂದ ನೆನೆಸಿಕೊಳ್ಳಲೂ ಆಗಲಿಲ್ಲ. ಅದೂ ಆ ಟೈಲ್ಸಿನವನ ಕಣ್ಣೆದುರು!

ಆದರೆ ಎಷ್ಟು ದಿನ ಎಳೆಯುವುದು? ಹೊರಗಿನ ನಂಬರಿನಲ್ಲಿ ಓಡಿಸುವ ಗಡುವು ಮುಗಿಯುತ್ತ ಬಂತು ಅಂತ ತಂಗಿಯ ಗಂಡ ತಾನೇ ದಿನ ಗೊತ್ತುಮಾಡಿಕೊಂಡು ಬಂದ. ತಂಗಿಯೂ ಬಂದಳು. ಇವರ ಜೊತೆ ಒಬ್ಬರಾದರೂ ಇರಲಿ ಅಂತ ನಾನೂ ಹೋದೆ.

ಇನ್‌ಸ್ಪೆಕ್ಟರ್ ಫೈಲು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ. ಬಾನೆಟ್ ಎತ್ತಿಸಿದ, ಪೆನ್ಸಿಲಿನ ಅಚ್ಚನ್ನೂ ಕಬ್ಬಿಣವನ್ನೂ ಒಂದೊಂದೇ ಅಂಕಿ ಹಿಡಿದು ನೋಡಿದ. “ಮೇಷ್ಟ್ರ ಕೈ ಅಂದ್ರೆ ಕೈ” ಅಂದ. ಆಮೇಲೆ ಫೈಲು ಬಿಡಿಸಿದ, ಹುಬ್ಬು ಗಂಟಿಕ್ಕಿದ.

“ನಿಮ್ಮ ಕಾರು ಅಂದಿದ್ರಿ ಮೇಷ್ಟ್ರೇ. ಇಲ್ಲಿ ಹೆಸರು ಬೇರೆ ಇದೆ?”

ಗೇಟಿನವನು ತಿರುಗಿ ನೋಡಿದ. ಗೇಟಿನ ಪಕ್ಕ ಅಂಗಡಿ ಇಟ್ಟಿದ್ದ ಚಹಾದವನೂ ನೋಡಿದ. ಇವರು ಬಾನೆಟ್ಟಿನ ಅಂಚನ್ನು ಬಟ್ಟೆಯಲ್ಲಿ ಒರೆಸತೊಡಗಿದರು, ಅಲ್ಲಿ ಧೂಳೇ ಇರಲಿಲ್ಲ.

“ಭಾವನದೇ ಸಾರ್” ಅಂದ ತಂಗಿಯ ಗಂಡ. ಒಂದು ಕ್ಷಣವೂ ತಡೆಯಲಿಲ್ಲ. “ಕಾಗದದಲ್ಲಿ ಮಾತ್ರ ನನ್ನ ಹೆಸರು. ಒಂದೇ ಮನೆ ಅಲ್ವಾ? ಇವರು ಕಲಿಸದೇ ಇದ್ದಿದ್ರೆ ನಾನೆಲ್ಲಿ ಕಾರು ಓಡಿಸ್ತಿದ್ದೆ?”

ಇನ್‌ಸ್ಪೆಕ್ಟರ್ ನಕ್ಕು ಸಹಿ ಹಾಕಿದ. ಚಹಾದವನು ದೂರದಿಂದಲೇ ಕೈ ಎತ್ತಿದ. ಇವರ ಮಾನ ಉಳಿಯಿತು.

ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಎಲ್ಲಿ! ಇನ್ನಷ್ಟು ಉರಿಯಿತು. ಅವನು ಜಂಬದವನಾಗಿದ್ದರೆ, ಅಲ್ಲೇ ನಕ್ಕು ನಮ್ಮ ಮರ್ಯಾದೆ ಕಳೆದಿದ್ದರೆ, ಸಾಯುವತನಕ ಅವನನ್ನು ಬೈದುಕೊಂಡು ಹಾಯಾಗಿರುತ್ತಿದ್ದೆ. ಅದಕ್ಕೂ ಕಲ್ಲು ಹಾಕಿದ. ಕಾರೂ ಅವನಿಗೇ, ದೊಡ್ಡ ಮನಸ್ಸೂ ಅವನಿಗೇ. ತಂಗಿ ಗಂಡನನ್ನು ನೋಡಿದ ರೀತಿ ಇದೆಯಲ್ಲ, ಅದನ್ನಂತೂ ನನ್ನ ಕೈಲಿ ನೋಡಲಾಗಲಿಲ್ಲ.

ನಂಬರು ಬಂದ ದಿನ ಹೊಸ ಪ್ಲೇಟ್ ಹಾಕಿಸಿಕೊಂಡು ನಾಲ್ವರೂ ವಾಪಸ್ಸು ಹೊರಟೆವು. ನಮ್ಮನ್ನು ಇಳಿಸಿ ಅವರು ಕಾರು ಒಯ್ಯುವುದು ಅಂತಾಗಿತ್ತು.

“ಮನೆವರೆಗೂ ನೀವೇ ಓಡಿಸಿ ಭಾವ” ಅಂದ.

ಇವರು ಜೇಬಿನಿಂದ ಕೀ ತೆಗೆದು ಅವನ ಕೈಗಿಟ್ಟರು. “ಬೇಡ, ನನಗೆ ಇಲ್ಲೇ ಅಭ್ಯಾಸ” ಅಂದು ಪಕ್ಕದ ಸೀಟಿನಲ್ಲಿ ಕೂತರು. ತಂಗಿಯೂ ನಾನೂ ಹಿಂದೆ ಕೂತೆವು. ಕಿಟಕಿ ಪಕ್ಕಕ್ಕೆ ನಾನೇ ಮೊದಲು ನುಗ್ಗಿದೆ.

ಹಾಲಿನ ಅಂಗಡಿಯ ತಿರುವು ಬಂತು. ಇವರ ಬಲಗಾಲು ಮುಂದಕ್ಕೆ ಹೋಗಿ ನೆಲವನ್ನು ಬಲವಾಗಿ ಒತ್ತಿತು. ತಂಗಿಯ ಗಂಡ ಕೆಳಗೆ ನೋಡಿ ನಕ್ಕ.

“ಭಾವ, ಈ ಕಾರಲ್ಲಿ ಅಲ್ಲಿ ಬ್ರೇಕ್ ಇಲ್ಲ.”

“ಗೊತ್ತು” ಅಂದರು ಇವರು. ಮನೆ ಬರುವವರೆಗೂ ಕಾಲು ಮಾತ್ರ ಅಲ್ಲಿಂದ ತೆಗೆಯಲಿಲ್ಲ.