ಕತ್ತಿ ಅದ್ದಿ ನೋಡದೆ ಮದ್ದು ಕೊಡದವರು

ಅವರ ಬಲಗೈ ಹೆಬ್ಬೆರಳಿನ ಉಗುರು ಒಂದು ಬದಿಗೆ ಸವೆದು ಓರೆಯಾಗಿತ್ತು. ನಲವತ್ತು ವರ್ಷ ಮಾತ್ರೆಗಳನ್ನು ಹಾಳೆಯಿಂದ ಒತ್ತಿ ಒತ್ತಿ ತೆಗೆದು ಆದದ್ದು. ಅಂಗಿಯ ಮೂರನೆಯ ಗುಂಡಿಗೆ ಒಂದು ನೂಲು, ನೂಲಿನ ತುದಿಗೆ ಪುಟ್ಟ ಕತ್ತರಿ. ಅವರು ಬಗ್ಗಿದರೆ ಅದು ಗಾಜಿನ ಕಪಾಟಿಗೆ ಟಿಣ್ ಎಂದು ತಾಗುತ್ತಿತ್ತು. ಆ ಸದ್ದು ಕೇಳಿದರೆ ಅರ್ಧ ಜ್ವರ ಅಲ್ಲೇ ಇಳಿಯಿತು ಎಂದುಕೊಳ್ಳುವವಳು ನಾನು.

ತೋಲ್ಪೆಟ್ಟಿ ಊರಿಗೆ ಹೋಗುವ ಬಸ್ಸು ನಿಲ್ಲುವಲ್ಲಿ ಅವರ ಮದ್ದಂಗಡಿ. ನಾನು ಅವರನ್ನು ಅಣ್ಣ ಎಂದೇ ಕರೆದದ್ದು. ನಾನು ಓದಿದ್ದು ನಾಲ್ಕನೆಯ ತರಗತಿ, ಅದೂ ಮಲಯಾಳ ಶಾಲೆಯಲ್ಲಿ. ಕನ್ನಡದ ಅಕ್ಷರ ಬಸದಿಯ ಜಗಲಿಯಲ್ಲಿ ಅಪ್ಪ ಕಲಿಸಿದ್ದು. ಅಂಥವಳು ಇಷ್ಟುದ್ದ ಬರೆಯಲು ಕೂತಿದ್ದೇನೆಂದರೆ ಸಂತೋಷ ತಡೆಯಲಾಗದೆಯೇ. ಕಳೆದ ವಾರ ನನ್ನ ಮೊಮ್ಮಗಳು ಡಾಕ್ಟರಾಗಿ ಮನೆಗೆ ಬಂದಳು. ಸೂಜಿ ಚುಚ್ಚುವ ಡಾಕ್ಟರಲ್ಲ, ಲ್ಯಾಬಿನಲ್ಲಿ ಮದ್ದು ಪರೀಕ್ಷೆ ಮಾಡಿ, ಅದನ್ನೇ ಪುಸ್ತಕವಾಗಿ ಬರೆದು ಆದ ಡಾಕ್ಟರು. ನೆರೆಯವರಿಗೆಲ್ಲ ಹೇಳಿದೆ. ಹಾಲಿನವನಿಗೆ ಹೇಳಿದೆ. ಬಸ್ಸಿನಲ್ಲಿ ಟಿಕೆಟ್ ಕೇಳಿದ ಕಂಡಕ್ಟರಿಗೂ ಹೇಳಿದೆ. ಎಲ್ಲರಿಗಿಂತ ಮೊದಲು ಹೇಳಬೇಕಾಗಿದ್ದದ್ದು ಅಣ್ಣನಿಗೆ. ಅವರೇ ಇಲ್ಲ.

ಓದು ಬಾರದವರಿಗೆ ಅವರು ಮಾತ್ರೆಯ ಪೊಟ್ಟಣದ ಮೇಲೆ ಚಿತ್ರ ಬರೆದು ಕೊಡುತ್ತಿದ್ದರು. ಬೆಳಿಗ್ಗೆಗೆ ಒಂದು ಕೋಳಿ, ಮಧ್ಯಾಹ್ನಕ್ಕೆ ಸೂರ್ಯ, ರಾತ್ರಿಗೆ ಚಂದ್ರ. ನಮ್ಮ ಮನೆಯ ಪೊಟ್ಟಣದಲ್ಲಿ ಮಾತ್ರ ಚಂದ್ರ ಇರುತ್ತಿರಲಿಲ್ಲ. ನಾವು ಜೈನರು, ಕತ್ತಲಾಗುವ ಮೊದಲೇ ನಮ್ಮ ಊಟ ಮುಗಿಯಬೇಕು. ಅದಕ್ಕೆ ನಮಗೆ ಗುಡ್ಡದ ನೆತ್ತಿಯಲ್ಲಿ ಕೂತ ಸೂರ್ಯ. ನಾನು ಹೇಳಿ ಬರೆಸಿದ್ದಲ್ಲ, ಅವರೇ ತಿಳಿದು ಬರೆದದ್ದು. "ಇವನನ್ನ ಗುಡ್ಡದಿಂದ ಇಳಿಯೋಕೆ ಬಿಡ್ಬೇಡಿ ತಂಗಿ, ಅಷ್ಟ್ರಲ್ಲಿ ಉಂಡು ಮಾತ್ರೆ ನುಂಗಿ" ಎನ್ನುತ್ತಿದ್ದರು.

ಜ್ವರ, ಕೆಮ್ಮು, ಮೊಣಕಾಲು ನೋವು, ಏನು ಹೇಳಿಕೊಂಡರೂ ಅವರ ಬಾಯಲ್ಲಿ ಮೊದಲು ಬರುವುದು "ಸಾರಮಿಲ್ಲ". ಪರವಾಗಿಲ್ಲ ಎನ್ನಲು ಮಲಯಾಳದ ಮಾತು. ಆ ಮಾತು ಬಾರದ ದಿನ ನಾವು ಎದುರು ಮಾತಾಡದೆ ಮಾನಂದವಾಡಿ ಆಸ್ಪತ್ರೆಗೆ ಬಸ್ಸು ಹತ್ತುತ್ತಿದ್ದೆವು.

ಮೊಮ್ಮಗಳು ಸಣ್ಣವಳಿದ್ದಾಗ ಶಾಲೆಯ ಬಸ್ಸಿಗೆ ಕಾಯುತ್ತಾ ಅವರ ಬೆಂಚಿನಲ್ಲಿ ಕೂತು ಮಾತ್ರೆಯ ಹೆಸರುಗಳನ್ನು ಓದುತ್ತಿದ್ದಳು. "ಕಂಪನಿ ಇಟ್ಟ ಹೆಸರು ಬಿಡು ಮಗೂ, ಒಳಗೆ ಏನುಂಟು ಅಂತ ಓದು. ಅದು ಸಣ್ಣ ಅಕ್ಷರದಲ್ಲಿರ್ತದೆ" ಎಂದು ಕನ್ನಡಕ ಕಳಚಿ ಕೊಡುತ್ತಿದ್ದರು. ಅವಳಿಗೆ ಕನ್ನಡಕ ಯಾಕೆ ಬೇಕು, ಆದರೂ ಹಾಕಿಕೊಂಡೇ ಓದುವಳು.

ಕೊರೊನಾ ಬಂದಾಗ ಅವಳು ದೂರದ ಊರಿನ ಲ್ಯಾಬಿನಲ್ಲಿದ್ದಳು. ಹೊಸ ಮದ್ದು ಮಾಡಲು ವರ್ಷಗಟ್ಟಲೆ ಬೇಕಂತೆ. ಅದಕ್ಕೆ, ಬೇರೆ ಕಾಯಿಲೆಗೆಂದು ಈಗಾಗಲೇ ಇರುವ ಹಳೆಯ ಮದ್ದುಗಳಲ್ಲಿ ಯಾವುದಾದರೂ ಈ ರೋಗಾಣುವನ್ನು ತಡೆದೀತೇ ಎಂದು ನೋಡುವುದು ಅವರ ಕೆಲಸ. ಒಂದು ಬಾಗಿಲು ಮುಚ್ಚದೆ ಇನ್ನೊಂದು ತೆರೆಯದ ಕೋಣೆ. ಒಳಗೆ ಹೋದರೆ ಗಂಟೆಗಟ್ಟಲೆ ನೀರೂ ಇಲ್ಲ, ಫೋನೂ ಇಲ್ಲ. ನನಗೆ ತಿಳಿಯುವ ಹಾಗೆ ಹೇಳಿದಳು: "ನಿಮ್ಮ ಉಣ್ಣಿಯಪ್ಪದ ಕಾವಲಿ ಉಂಟಲ್ಲ ಅಜ್ಜಿ, ಅದರ ಹಾಗೆ ಗುಳಿ ಗುಳಿ ಇರುವ ತಟ್ಟೆ. ಒಂದೊಂದು ಗುಳಿಯಲ್ಲೂ ಜೀವಕಣ ಬೆಳೆಸ್ತೇವೆ, ರೋಗಾಣು ಬಿಡ್ತೇವೆ, ಮದ್ದು ಹಾಕ್ತೇವೆ. ಯಾವ ಗುಳಿಯಲ್ಲಿ ಕಣ ಬದುಕಿ ರೋಗಾಣು ಸೋಲ್ತದೆ ಅಂತ ನೋಡೋದು."

ಒಂದು ದಿನ ಅವಳ ದನಿಯಲ್ಲಿ ಗೆಲುವಿತ್ತು. ಹೊಟ್ಟೆಹುಳಕ್ಕೆ ಕೊಡುವ ಒಂದು ಹಳೆಯ ಮಾತ್ರೆ ಹಾಕಿದ ಗುಳಿಗಳಲ್ಲಿ ರೋಗಾಣು ಕಡಿಮೆಯಾಗಿದೆಯಂತೆ. ಯಾರಿಗೂ ಹೇಳಬೇಡಿ, ಇದು ಬರೀ ಶುರು ಎಂದೂ ಹೇಳಿದಳು. ನಾನು ಕೇಳಿಸಿಕೊಂಡದ್ದು ಮೊದಲಿನ ಅರ್ಧ ಮಾತ್ರ. ಬೆಳಗಾಗುವಷ್ಟರಲ್ಲಿ ಏಳು ಮನೆಗೆ ಹೇಳಿ ಆಗಿತ್ತು. ಹತ್ತು ಗಂಟೆಗೆ ಅಣ್ಣನ ಅಂಗಡಿಯ ಮುಂದೆ ಮೂತಿಗೆ ಬಟ್ಟೆ ಕಟ್ಟಿಕೊಂಡವರ ಸಾಲು. ಹುಳದ ಮಾತ್ರೆ ಕೊಡಿ ಎಂದು.

ಜೀಪು ಓಡಿಸುವವನೊಬ್ಬ ನನ್ನನ್ನು ತೋರಿಸಿ, ಅಣ್ಣನನ್ನು ಮಲಯಾಳದಲ್ಲಿ ಏಟ್ಟ ಎಂದು ಕರೆದು, "ಈ ಅಜ್ಜಿಗೆ ಲ್ಯಾಬಿನಿಂದ ನೇರ ಲೈನುಂಟು ಏಟ್ಟಾ, ಬೇಗ ಕೊಡಿ" ಎಂದ.

ಅಣ್ಣ ಕತ್ತರಿ ಮುಟ್ಟಲಿಲ್ಲ. "ಯಾರ ಜೀವಕಣ ಅಂತ ಕೇಳಿದ್ರಾ ತಂಗಿ?"

"ಮಂಗನದ್ದು ಅಂದಳು. ಮಂಗನ ಮೂತ್ರಪಿಂಡದ್ದು."

"ಹಾಗಾದ್ರೆ ಮಂಗ ಬಂದು ಕೇಳಲಿ, ಕೊಡ್ತೇನೆ. ದಿನಾ ಬಂದು ನನ್ನ ಬಾಳೆಗೊನೆ ಕಿತ್ತುಕೊಂಡು ಹೋಗ್ತಾವಲ್ಲ, ಡಾಕ್ಟರ ಚೀಟಿ ತರೋಕೆ ಹೇಳಿ."

ಸಾಲಿನಲ್ಲಿದ್ದವರು ನಕ್ಕರು. ನನಗೆ ಮುಖ ಕೆಂಪಾಯಿತು. ಅಷ್ಟು ಜನರ ಮುಂದೆ ನನ್ನ ಮೊಮ್ಮಗಳ ಕೆಲಸವನ್ನು ಮಂಗನಾಟ ಮಾಡಿದರಲ್ಲ ಎಂದು ಹೊರಟೇಬಿಟ್ಟೆ. ಜನ ಹತ್ತಿರ ಬಾರದಂತೆ ಅಂಗಡಿಯ ಮುಂದೆ ಕಟ್ಟಿದ್ದ ಹಗ್ಗ ದಾಟಿ ಅವರು ರಸ್ತೆಯವರೆಗೆ ಬಂದರು.

"ನಿಲ್ಲಿ ತಂಗಿ. ಮೆಣಸಿನ ಬಳ್ಳಿಗೆ ತುತ್ತಸುಣ್ಣ ಹೊಡೆಯುವ ಮೊದಲು ನೀವು ಏನು ಮಾಡ್ತೀರಿ?"

"ಕತ್ತಿ ಅದ್ದಿ ನೋಡ್ತೇವೆ."

"ಯಾಕೆ?"

ಯಾಕೆಂದು ಅವರಿಗೂ ಗೊತ್ತಿತ್ತು. ಬಳ್ಳಿಯ ರೋಗಕ್ಕೆ ಹೊಡೆಯುವ ಆ ನೀರಿನಲ್ಲಿ ಸುಣ್ಣ ಸಾಲದೆ ಮೈಲುತುತ್ತ ಹೆಚ್ಚಾಗಿದ್ದರೆ ಅದ್ದಿದ ಕತ್ತಿಯ ಅಲಗು ಕೆಂಪಾಗುತ್ತದೆ. ಹಾಗೆಯೇ ಹೊಡೆದರೆ ರೋಗದ ಜೊತೆ ಎಲೆಯೂ ಸುಡುತ್ತದೆ. ಇನ್ನಷ್ಟು ಸುಣ್ಣ ಹಾಕಿ, ಅಲಗು ಬೆಳ್ಳಗೇ ಉಳಿದ ಮೇಲೆ ಹೊಡೆಯಬೇಕು.

"ಮಗು ಇನ್ನೂ ಕತ್ತಿ ಅದ್ದಿಲ್ಲ" ಎಂದರು ಅಣ್ಣ. "ಮನುಷ್ಯರ ಶ್ವಾಸಕೋಶದ ಕಣದಲ್ಲಿ ನೋಡ್ಲಿ. ಎಷ್ಟು ಹಾಕಿದ್ರೆ ಕಣವೇ ಸಾಯ್ತದೆ ಅಂತಲೂ ನೋಡ್ಲಿ. ಅವಳು ಅದ್ದಿ ನೋಡುವವರೆಗೆ ನಾನು ಕೊಡೋದಿಲ್ಲ."

ಒಬ್ಬರಿಗೂ ಕೊಡಲಿಲ್ಲ. ಕಲ್ಪೆಟ್ಟದಲ್ಲಿ ಸಿಗುತ್ತದೆ ಎಂದು ಕೆಲವರು ಅಲ್ಲಿಂದ ತರಿಸಿ ನುಂಗಿದರು.

ಮಾರನೆಯ ವರ್ಷ, ಎರಡನೆಯ ಅಲೆಯಲ್ಲಿ, ಕಾಯಿಲೆ ಅವರಿಗೇ ಬಂತು.

ಅಂಗಡಿಯ ಹಿಂದೆಯೇ ಅವರ ಮನೆ. ನನ್ನ ಮನೆಯಲ್ಲಿ ಹಿಂದೆಂದೋ ಹುಳಕ್ಕೆಂದು ತಂದ ಅದೇ ಮಾತ್ರೆಯ ಹಾಳೆಯೊಂದು ಉಳಿದಿತ್ತು. ಮೊಮ್ಮಗಳಿಗೆ ಫೋನು ಮಾಡಿ, "ಕೊಡಲಾ?" ಎಂದೆ. ಅವಳು, "ಗೊತ್ತಿಲ್ಲ ಅಜ್ಜಿ. ಮನುಷ್ಯರ ಕಣದಲ್ಲಿ ಒಂದು ಸಲ ಒಂದು ಥರ ಬರ್ತದೆ, ಮತ್ತೊಂದು ಸಲ ಬೇರೆ ಥರ. ಇನ್ನೂ ಮಾಡ್ತಾ ಇದ್ದೇವೆ. ನನಗೆ ಗೊತ್ತಿಲ್ಲ" ಎಂದು ಅತ್ತಳು. ಅಷ್ಟು ಓದಿದವಳು ಗೊತ್ತಿಲ್ಲ ಎಂದರೆ ನನ್ನಂಥವಳು ಎಲ್ಲಿಗೆ ಹೋಗಬೇಕು.

ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ ಅವರ ಕಿಟಕಿಯ ಹೊರಗೆ ನಿಂತೆ. ಒಳಗೆ ಹೋಗುವ ಹಾಗಿಲ್ಲ. ಅಣ್ಣ ಗೋಡೆಗೆ ಒರಗಿ ಕೂತಿದ್ದರು. ಒಂದು ಮಾತಿಗೆ ನಾಲ್ಕು ಉಸಿರು.

"ಇದೊಂದು ನುಂಗಿಬಿಡಿ ಅಣ್ಣ. ನನಗೋಸ್ಕರ."

"ಮಗು ಅದ್ದಿ ನೋಡಿದಳಾ?"

ಸುಳ್ಳು ಹೇಳಬಹುದಿತ್ತು. "ಇನ್ನೂ ಇಲ್ಲ" ಎಂದೆ.

ಅವರು ಬೇಡವೆಂದು ಕೈ ಆಡಿಸಿದರು. ಸಾರಮಿಲ್ಲ ಎಂದಾರು ಎಂದು ಕಿಟಕಿಯ ಸರಳು ಹಿಡಿದು ಕಾದೆ. ಅವರು ಅನ್ನಲಿಲ್ಲ.

ಮರುದಿನ ಆಂಬುಲೆನ್ಸ್ ಬಂತು. ಆಸ್ಪತ್ರೆಯಿಂದ ಅವರು ತಿರುಗಿ ಬರಲಿಲ್ಲ. ಸುಡುವಲ್ಲಿಗೆ ಹೋಗಲು ನಮಗ್ಯಾರಿಗೂ ಬಿಡಲಿಲ್ಲ.

ಆ ಹಾಳೆ ನನ್ನ ಡಬ್ಬಿಯಲ್ಲೇ ಉಳಿಯಿತು. ಡಬ್ಬಿ ತೆಗೆದಾಗಲೆಲ್ಲ ಅದು ಕೈಗೆ ತಾಗುವುದು. ಹಟ ಹಿಡಿದು ನುಂಗಿಸಿದ್ದರೆ ಬದುಕುತ್ತಿದ್ದರೋ ಏನೋ. ಆಗುತ್ತಿದ್ದದ್ದು ಒಂದು ಸುಳ್ಳಿನ ಖರ್ಚು, ಅಷ್ಟೇ. ಎಸೆಯೋಣವೆಂದರೆ ಎಸೆಯಲೂ ಕೈ ಬಾರದು.

ಕಳೆದ ವಾರ ಮೊಮ್ಮಗಳು ದಪ್ಪ ಪುಸ್ತಕ ತಂದು ನನ್ನ ಮಡಿಲಲ್ಲಿಟ್ಟಳು. ಒಂದು ಪುಟ ತೆರೆದಳು. ಗುಳಿಗಳ ಚಿತ್ರ, ಸಾಲು ಸಾಲು. "ಇದು ನಿಮ್ಮ ಹುಳದ ಮಾತ್ರೆಯ ಸಾಲು. ಮೇಲಿನದು ಮದ್ದೇ ಹಾಕದ ಸಾಲು. ಎರಡಕ್ಕೂ ವ್ಯತ್ಯಾಸ ಉಂಟಾ ನೋಡಿ."

ಇರಲಿಲ್ಲ. ಎರಡೂ ಒಂದೇ.

"ಮಂಗನ ಕಣದಲ್ಲಿ ತಡೆದದ್ದು ಮನುಷ್ಯರ ಶ್ವಾಸಕೋಶದ ಕಣದಲ್ಲಿ ತಡೆಯಲೇ ಇಲ್ಲ ಅಜ್ಜಿ. ಜಾಸ್ತಿ ಹಾಕಿದ್ರೆ ಮೊದಲು ಕಣವೇ ಸಾಯ್ತದೆ. ಅಂಗಡಿ ಅಜ್ಜ ಹೇಳಿದ ಹಾಗೆ ಕತ್ತಿ ಅದ್ದಿದೆ. ಕೆಂಪಾಯಿತು."

ನಾನು ಅತ್ತೆನೋ ನಕ್ಕೆನೋ ಹೇಳಲಾರೆ. ಬೆಲ್ಲ ಹಾಕಿ ಉಣ್ಣಿಯಪ್ಪ ಮಾಡಿ ಹಂಚಿದೆ. ಏನು ಕಂಡುಹಿಡಿದಳು ನಿಮ್ಮ ಮೊಮ್ಮಗಳು ಎಂದು ಕೇಳಿದವರಿಗೆ, ಆ ಮಾತ್ರೆಯಿಂದ ಆಗುವುದಿಲ್ಲ ಎಂದು ಕಂಡುಹಿಡಿದಳು ಎಂದೆ. ಅದಕ್ಕೆ ಇಷ್ಟು ಅಪ್ಪವೇ ಎಂದು ಅವರು ನಕ್ಕರು. ನಗಲಿ.

ಸಂಜೆ ಇಬ್ಬರೂ ಅಪ್ಪದ ಡಬ್ಬಿ ಹಿಡಿದು ಅಣ್ಣನ ಹೆಂಡತಿಯ ಬಳಿಗೆ ಹೋದೆವು. ಅತ್ತಿಗೆ ಎಲ್ಲ ಕೇಳಿಸಿಕೊಂಡರು. ಅಪ್ಪ ಮುರಿದು ಕೈಯಲ್ಲೇ ಹಿಡಿದಿದ್ದರು, ಬಾಯಿಗೆ ಹಾಕಲಿಲ್ಲ. ಮೊಮ್ಮಗಳ ಕಡೆ ತಿರುಗಿದರು.

"ನಾನು ಕೊಟ್ಟಿದ್ದೆ ಮಗಳೇ. ಅಂಗಡಿಯಿಂದಲೇ ತೆಗೆದದ್ದು. ಗಂಜಿಯಲ್ಲಿ ಅರೆದು ಹಾಕಿ ಕೊಟ್ಟೆ, ಅವರಿಗೆ ಹೇಳದೆ. ಒಂದೇ ಒಂದು. ಮಾರನೆ ದಿನವೇ ಉಸಿರು ಜಾಸ್ತಿಯಾಯ್ತು. ಕಣ ಸಾಯ್ತದೆ ಅಂದೆಯಲ್ಲ ಈಗ. ನಾನೇ ಕೊಂದೆನಾ?"

ಇಷ್ಟು ವರ್ಷ ಕೊಡಲಿಲ್ಲವೆಂದು ನಾನು, ಕೊಟ್ಟೆನೆಂದು ಅವರು. ನಡುವೆ ಎರಡು ಬೇಲಿಯ ದೂರ. ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ.

ಮೊಮ್ಮಗಳು ಅವರ ಕಾಲ ಬಳಿ ಕೂತಳು. "ಇಲ್ಲ ಅಂಗಡಿ ಅಜ್ಜಿ. ಕಣ ಸಾಯುವಷ್ಟು ಮದ್ದು ಒಂದು ಮಾತ್ರೆಯಿಂದ ರಕ್ತಕ್ಕೆ ಸೇರೋದೇ ಇಲ್ಲ. ಹುಳಕ್ಕೆ ಅಂತ ಮಕ್ಕಳಿಗೂ ಕೊಡ್ತಾರಲ್ಲ. ಅದರಿಂದ ಅಜ್ಜ ಉಳೀತಿರ್ಲಿಲ್ಲ, ಅದರಿಂದ ಹೋಗಲೂ ಇಲ್ಲ."

"ಇನ್ನೊಂದು ಸಲ ಹೇಳು."

ಅವಳು ಇನ್ನೊಂದು ಸಲ ಹೇಳಿದಳು. ಆಮೇಲೆ ಕೈ ಹಿಡಿದು, "ಸಾರಮಿಲ್ಲ" ಎಂದಳು. ಕಿಟಕಿಯ ಬಳಿ ನಿಂತು ನಾನು ಕಾದ ಮಾತು ಅದು. ಅಣ್ಣನಿಗೆ ಕೇಳಿಸುವಂತಿದ್ದರೆ ಎಂದು ಎಷ್ಟು ಆಸೆಪಟ್ಟರೂ ಆ ಒಂದು ಕೆಲಸ ನಮ್ಮ ಮೂವರಿಂದಲೂ ಆಗುವಂಥದ್ದಲ್ಲ.

ಅತ್ತಿಗೆ ಸೆರಗಿನಿಂದ ಮುಖ ಒರೆಸಿಕೊಂಡರು. ಕೈಯಲ್ಲಿದ್ದ ಅಪ್ಪ ತಿಂದರು. ಎದ್ದು ಹೊರಗೆ ಹಣಕಿ, "ಸೂರ್ಯ ಇನ್ನೂ ಗುಡ್ಡದ ಮೇಲಿದ್ದಾನೆ" ಎಂದರು. "ಕೂತ್ಕೊಳ್ಳಿ, ಬೇಗ ಬಡಿಸ್ತೇನೆ."